ಜಿಗಿದ ಏಳು ಸೆಕೆಂಡು

ನಾನು ಬರೆದ ಪ್ರೋಗ್ರಾಮಿನ ಒಂದು ಸಾಲಿನಿಂದ ಅಮ್ಮಿನಬಾವಿಯ ಒಬ್ಬ ಹುಡುಗಿ ಸಿಗಬೇಕಾಗಿದ್ದ ನೌಕರಿ ಕಳೆದುಕೊಂಡಳು. ಇದನ್ನು ಹೀಗೆ ನೇರವಾಗಿ ಹೇಳಲು ನನಗೆ ಬಹಳ ದಿನ ಬೇಕಾಯಿತು. ಮೊದಮೊದಲು ಯಾರಾದರೂ ಕೇಳಿದರೆ ‘ಒಂದು ತಾಂತ್ರಿಕ ದೋಷ ಆಗಿತ್ತು’ ಎನ್ನುತ್ತಿದ್ದೆ. ದೋಷ ತಾನಾಗಿಯೇ ಆಗಿರಲಿಲ್ಲ.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ, ಚಷ್ಮಾ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಎರಡು ಕೋಣೆ, ಆರು ಜನ. ಓಟದ ಸ್ಪರ್ಧೆಗಳಿಗೆ, ನೇಮಕಾತಿಯ ದೈಹಿಕ ಪರೀಕ್ಷೆಗಳಿಗೆ ಸಮಯ ಅಳೆಯುವ ವ್ಯವಸ್ಥೆ ಮಾಡಿಕೊಡುವುದು ನಮ್ಮ ಕೆಲಸ. ಓಡುವವರ ಕಾಲಿಗೆ ಒಂದು ಸಣ್ಣ ಪಟ್ಟಿ ಕಟ್ಟುತ್ತೇವೆ. ಗೆರೆಯ ಮೇಲೆ ಒಂದು ರಬ್ಬರಿನ ಹಾಸು ಇರುತ್ತದೆ. ಪಟ್ಟಿ ಹಾಸನ್ನು ದಾಟಿದ ಕೂಡಲೇ ಅದಕ್ಕೆ ಜೋಡಿಸಿದ ಪೆಟ್ಟಿಗೆ ಯಾರು ದಾಟಿದರೆಂದು ಗುರುತಿಸಿ ಮೇಜಿನ ಮೇಲಿನ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತದೆ. ಆ ಕಂಪ್ಯೂಟರಿನೊಳಗಿನ ಪ್ರೋಗ್ರಾಂ ನನ್ನದು.

ಮುಂಚೆ ಈ ಕೆಲಸವನ್ನು ಶಾಲೆಯ ಮಾಸ್ತರರು ಕೈಯಲ್ಲಿ ಸ್ಟಾಪ್‌ವಾಚು ಹಿಡಿದು ಮಾಡುತ್ತಿದ್ದರು. ಆಗ ಜಗಳ ತಪ್ಪುತ್ತಿರಲಿಲ್ಲ. ‘ನಮ್ಮ ಹುಡುಗನ್ನ ನೋಡಿ ಬೇಕಂತ ತಡಾ ಒತ್ತಿದ್ರಿ’ ಎಂದು ಜನ ಮೈಮೇಲೆ ಬರುತ್ತಿದ್ದರು. ಯಂತ್ರ ಬಂದ ಮೇಲೆ ಜಗಳ ನಿಂತಿತು. ಸೋತವರು ತಲೆ ತಗ್ಗಿಸಿ ಹೋಗುತ್ತಿದ್ದರು. ಅದನ್ನು ನೋಡಿ ನಾನು ಹೆಮ್ಮೆ ಪಟ್ಟಿದ್ದೇನೆ.

ಕಂಪ್ಯೂಟರಿನೊಳಗೆ ಗಡಿಯಾರ ಒಂದೇ ಇರುವುದಿಲ್ಲ. ಪ್ರೋಗ್ರಾಂ ಬರೆಯುವವನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮೊದಲನೆಯದು ನಮ್ಮ ಗೋಡೆ ಗಡಿಯಾರದಂಥದು. ಇವತ್ತು ಯಾವ ದಿನ, ಈಗ ಎಷ್ಟು ಹೊತ್ತು ಎಂದು ಹೇಳುತ್ತದೆ. ಹಿಂದೆ ಬಿದ್ದರೆ ಅದನ್ನು ಮುಂದಕ್ಕೆ ತಿರುಗಿಸಬಹುದು, ಮುಂದೆ ಓಡಿದ್ದರೆ ಹಿಂದಕ್ಕೆ ಎಳೆಯಬಹುದು. ಇಂಟರ್ನೆಟ್ ಸಿಕ್ಕರೆ ಕಂಪ್ಯೂಟರು ತಾನೇ ಸರಿಯಾದ ವೇಳೆ ಕೇಳಿಕೊಂಡು ತಿದ್ದಿಕೊಳ್ಳುತ್ತದೆ. ಎರಡನೆಯದಕ್ಕೆ ದಿನವೂ ಗೊತ್ತಿಲ್ಲ, ವೇಳೆಯೂ ಗೊತ್ತಿಲ್ಲ. ಯಂತ್ರ ಚಾಲೂ ಆದಾಗಿನಿಂದ ಎಷ್ಟು ಸರಿದಿದೆ ಎಂದು ಸುಮ್ಮನೆ ಎಣಿಸುತ್ತಿರುತ್ತದೆ. ಅದನ್ನು ಯಾರೂ ಹಿಂದೆ ಮುಂದೆ ಮಾಡಲಾರರು. ಎಷ್ಟು ಹೊತ್ತಾಯಿತು ಎಂದು ಅಳೆಯಬೇಕಾದರೆ ಎರಡನೆಯದನ್ನೇ ಕೇಳಬೇಕು.

ನನಗೆ ಇದು ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಗೊತ್ತಿತ್ತು. ಆದರೆ ಫಲಿತಾಂಶದ ಹಾಳೆಯಲ್ಲಿ ‘ಎಷ್ಟು ಗಂಟೆಗೆ ಮುಗಿಸಿದರು’ ಎಂಬ ಒಂದು ಕಾಲಂ ಬೇಕೆಂದು ಅಧಿಕಾರಿಗಳು ಕೇಳಿದ್ದರು. ಅದಕ್ಕಾಗಿ ಗೋಡೆ ಗಡಿಯಾರವನ್ನು ಕೇಳಲೇಬೇಕಿತ್ತು. ಹೇಗೂ ಕೇಳಿದ್ದೇನೆ, ಮುಗಿದ ವೇಳೆಯಲ್ಲಿ ಹೊರಟ ವೇಳೆ ಕಳೆದರೆ ಓಟದ ಸಮಯ ಬಂತಲ್ಲ ಎಂದು ಅಷ್ಟರಲ್ಲೇ ಮುಗಿಸಿದೆ. ಎರಡು ವರ್ಷ ಅದು ಸರಿಯಾಗಿಯೇ ನಡೆಯಿತು. ಅಥವಾ ಸರಿಯಾಗಿ ನಡೆದಿದೆ ಎಂದು ನಾನು ಅಂದುಕೊಂಡಿದ್ದೆ. ಆಮೇಲೆ ಹಳೆಯ ದಾಖಲೆಗಳನ್ನೆಲ್ಲ ತೆಗೆದು ನೋಡುವ ಧೈರ್ಯ ನನಗೆ ಬರಲಿಲ್ಲ.

ಆ ದಿನ ಧಾರವಾಡದ ಒಂದು ಮೈದಾನದಲ್ಲಿ ಹೆಣ್ಣುಮಕ್ಕಳ ಓಟವಿತ್ತು. ಕಾವಲು ಸಿಬ್ಬಂದಿಯ ಹುದ್ದೆಗೆ ನೇಮಕಾತಿ. ಎಂಟುನೂರು ಮೀಟರ್, ಎಂದರೆ ಮೈದಾನಕ್ಕೆ ಎರಡು ಸುತ್ತು. ಹೊರಡುವುದೂ ಮುಗಿಸುವುದೂ ಒಂದೇ ಗೆರೆಯಲ್ಲಿ. ನಾಲ್ಕು ನಿಮಿಷದೊಳಗೆ ಮುಗಿಸಿದವರು ಪಾಸು. ಬೆಳಿಗ್ಗೆ ಕಂಪ್ಯೂಟರು ಚಾಲೂ ಮಾಡಿದಾಗ ಅದರ ವೇಳೆ ತಪ್ಪಿತ್ತು. ಮೈದಾನದಲ್ಲಿ ಇಂಟರ್ನೆಟ್ ಇರಲಿಲ್ಲ. ನನ್ನ ಕೈಗಡಿಯಾರ ನೋಡಿ ನಾನೇ ಸರಿಪಡಿಸಿದೆ. ಆ ಕೈಗಡಿಯಾರ ಏಳು ಸೆಕೆಂಡು ಹಿಂದಿತ್ತು ಎಂಬುದು ಆಗ ನನಗೆ ಗೊತ್ತಿರಲಿಲ್ಲ, ಗೊತ್ತಾಗಿದ್ದರೂ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಐದನೆಯ ತಂಡ ಓಡುತ್ತಿರುವಾಗ ಅಧಿಕಾರಿಯೊಬ್ಬರು ಮೇಜಿನ ಹತ್ತಿರ ಬಂದು, “ಹಿಂದಿನ ನಾಕೂ ಬ್ಯಾಚಿನ ರಿಸಲ್ಟ್ ಲಗೂ ಕಳಸ್ರಿ, ಮ್ಯಾಲಿಂದ ಫೋನ್ ಮ್ಯಾಲ ಫೋನ್ ಬರಾಕತ್ತಾವು” ಎಂದರು. ನಾನು ನನ್ನ ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಕೊಟ್ಟೆ. ಹಾಳೆಗಳು ಹೋದವು. ಅಷ್ಟರಲ್ಲಿ ಓಡುವವರು ಕೊನೆಯ ತಿರುವಿಗೆ ಬಂದಿದ್ದರು.

ಮೂರು ಜನ ಮುಂದೆ ಬಂದು ಮುಗಿಸಿದರು. ಅವರ ಬೆನ್ನಿಗೇ ಇಬ್ಬರು ಹುಡುಗಿಯರು ಹೆಗಲಿಗೆ ಹೆಗಲು ಹಚ್ಚಿ ಬಂದು ಗೆರೆ ದಾಟಿದರು. ಒಬ್ಬಳು ಅರ್ಧ ಹೆಜ್ಜೆ ಮುಂದೆ, ಇನ್ನೊಬ್ಬಳು ಅರ್ಧ ಹೆಜ್ಜೆ ಹಿಂದೆ. ದಾಟಿದ ಮೇಲೆ ಇಬ್ಬರೂ ಕೈ ಕೈ ಹಿಡಿದುಕೊಂಡು ಧೂಳಿನಲ್ಲೇ ಕುಳಿತುಬಿಟ್ಟದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ.

ಫಲಿತಾಂಶ ಕೂಗಿದಾಗ ಅರ್ಧ ಹೆಜ್ಜೆ ಮುಂದಿದ್ದವಳು ಪಾಸು. ಮೂರು ನಿಮಿಷ ಐವತ್ತನಾಲ್ಕು ಸೆಕೆಂಡು. ಹಿಂದಿದ್ದವಳು ಫೇಲು. ನಾಲ್ಕು ನಿಮಿಷ ಎರಡು ಸೆಕೆಂಡು.

ಫೇಲಾದವಳು ಮೇಜಿನ ಹತ್ತಿರ ಬಂದಳು. ಸಣಕಲು ಮೈ, ಕಪ್ಪು ಓಢಣಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ಇನ್ನೂ ಏದುಸಿರು ಬಿಡುತ್ತಿದ್ದಳು.

“ಸರ್, ಇದು ತಪ್ಪೈತ್ರಿ. ನಾವಿಬ್ರೂ ಕೂಡೇ ಬಂದೇವಿ. ಅಕಿಗೂ ನನಗೂ ಎಂಟು ಸೆಕೆಂಡ್ ಹೆಂಗ್ ಫರಕ್ ಬೀಳತೈತ್ರಿ?”

“ಮಷೀನಿಗೆ ಯಾರು ಯಾರಂತ ಗೊತ್ತಿರೂದಿಲ್ಲ ತಂಗಿ,” ಎಂದೆ. “ಅದು ಸುಳ್ಳು ಹೇಳೂದಿಲ್ಲ.”

“ನಾನೂ ಸುಳ್ಳು ಹೇಳಾಕತ್ತಿಲ್ರಿ. ಎಂಟು ಸೆಕೆಂಡ್ ಅಂದ್ರ ನಾನು ಆ ಗ್ವಾಡಿ ಹತ್ರ ಇರಬೇಕಾಗಿತ್ತಲ್ರಿ.” ಅವಳು ತಿರುವಿನ ಹತ್ತಿರದ ಗೋಡೆಯ ಕಡೆ ಕೈ ಮಾಡಿ ತೋರಿಸಿದಳು.

ಅವಳು ಹೇಳಿದ್ದು ಲೆಕ್ಕಕ್ಕೆ ಸರಿಯಾಗಿತ್ತು. ಆ ವೇಗದಲ್ಲಿ ಎಂಟು ಸೆಕೆಂಡು ಎಂದರೆ ಇಪ್ಪತ್ತೈದು ಮೀಟರಿಗೂ ಹೆಚ್ಚು. ನಾನು ನನ್ನ ಕಣ್ಣಾರೆ ಅವರಿಬ್ಬರನ್ನೂ ಒಟ್ಟಿಗೆ ನೋಡಿದ್ದೆ. ಆದರೂ ಪರದೆಯ ಮೇಲಿನ ಅಂಕಿಯನ್ನು ನಂಬಿದೆ. ಆರನೆಯ ತಂಡ ಗೆರೆಯ ಮೇಲೆ ನಿಂತಿತ್ತು. “ಸರೀರಿ, ಸರೀರಿ” ಎಂದು ಕಾನ್‌ಸ್ಟೇಬಲ್ ಒಬ್ಬ ಅವಳನ್ನು ಆಚೆ ಕಳಿಸಿದ. ಪಾಸಾದ ಗೆಳತಿ ದೂರದಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಬರಲಿಲ್ಲ.

ಪಾಸಾದವರ ಪಟ್ಟಿ ಹೊರಬಿದ್ದು ಒಂಬತ್ತನೆಯ ದಿನ ಆ ಫೇಲಾದ ಹುಡುಗಿಯ ತಂದೆ ನಮ್ಮ ಆಫೀಸಿಗೆ ಬಂದರು. ಅಮ್ಮಿನಬಾವಿಯಲ್ಲಿ ಪಂಪ್‌ಸೆಟ್ಟು, ಡೀಸೆಲ್ ಇಂಜಿನ್ನು ರಿಪೇರಿ ಮಾಡುವ ಮಿಸ್ತ್ರಿ. ಬಿಳಿ ಟೊಪ್ಪಿಗೆ, ಉಗುರಿನ ಸಂದಿಯಲ್ಲಿ ಗ್ರೀಸು. ಮಾಲಕರು ಹೊರಗೆ ಹೋಗಿದ್ದರು. ನಾನೇ ಕುರ್ಚಿ ಕೊಟ್ಟೆ. ಅವರು ಕೂರಲಿಲ್ಲ.

“ಸಾಹೇಬ್ರ, ಜಗಳಾ ಮಾಡಾಕ ಬಂದಿಲ್ರಿ ನಾನು,” ಎಂದರು. “ನನ್ನ ಮಗಳಿಗೆ ಇದು ಕಡೀ ಸಲ ಇತ್ರಿ. ಮುಂದಿನ ವರ್ಷಕ್ಕ ವಯಸ್ಸು ಮೀರತೈತಿ. ಮೂರು ವರ್ಷ ದಿನಾ ಮುಂಜಾನಿ ಇಬ್ರೂ ಗೆಳತ್ಯಾರು ಕೂಡೇ ಓಡ್ಯಾರ್ರಿ. ಈಗ ಊರಾಗ ಒಂದು ಮಾತು ಎದ್ದೈತಿ, ಆ ಹುಡುಗಿ ಮನಿಯವರು ಒಳಗ ಏನೋ ಮಾಡಿಸ್ಯಾರ ಅಂತ. ನನಗ ಅದು ಖರೇ ಅನಸಂಗಿಲ್ರಿ. ಆ ಹುಡುಗಿ ನಮ್ಮ ಮನ್ಯಾಗ ಉಂಡು ಬೆಳದಾಕಿ.”

“ಹಂಗೇನೂ ಆಗಿಲ್ರಿ ಕಾಕಾ. ಯಾರೂ ಏನೂ ಮಾಡಿಸಾಕ ಬರೂದಿಲ್ಲ ಅದರಾಗ.”

“ಹಂಗಂದ್ರ ಮಷೀನ್ ನೋಡಬೇಕ್ರಿ. ನನ್ನ ಹತ್ರ ಇಂಜಿನ್ ತಂದವರು ಛಲೋ ಐತಿ, ಬರೇ ಎಣ್ಣಿ ಕಮ್ಮಿ ಆಗೇತಿ ಅಂತಾರ. ನಾ ಒಪ್ಪಂಗಿಲ್ಲ. ಬಿಚ್ಚಿ ನೋಡಿದ ಮ್ಯಾಲೇ ಮಾತು. ನೀವು ಒಮ್ಮೆ ಬಿಚ್ಚಿ ನೋಡ್ರಿ.”

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದರು. ನಾನು ಊಟ ಮುಗಿಸಿ ಬಂದು ಆ ದಿನದ ದಾಖಲೆ ತೆಗೆದೆ. ತಪ್ಪು ಹುಡುಕಬೇಕೆಂದಲ್ಲ, ಇಲ್ಲ ಎಂದು ಅವರಿಗೆ ಫೋನಿನಲ್ಲಿ ಹೇಳಬೇಕೆಂದು.

ಗೆರೆಯ ಮೇಲಿನ ಹಾಸಿನ ಜೊತೆ ಜೋಡಿಸಿದ ಪೆಟ್ಟಿಗೆಗೆ ತನ್ನದೇ ಒಂದು ಎಣಿಕೆ ಇರುತ್ತದೆ. ಚಾಲೂ ಆದಾಗಿನಿಂದ ಎಷ್ಟು ಸರಿಯಿತು ಎಂಬ ಎಣಿಕೆ. ಪ್ರತಿ ಸಲ ಪಟ್ಟಿ ದಾಟಿದಾಗ ಅದನ್ನೂ ಕಂಪ್ಯೂಟರಿಗೆ ಕಳಿಸುತ್ತದೆ. ನಾನು ಅದನ್ನು ದಾಖಲೆಯ ಕೊನೆಯ ಕಾಲಮಿನಲ್ಲಿ ಬರೆದಿಡುತ್ತಿದ್ದೆ, ಎಂದೂ ಓದಿರಲಿಲ್ಲ. ಈಗ ಓದಿದೆ. ಇಬ್ಬರು ಗೆಳತಿಯರ ನಡುವೆ ಪೆಟ್ಟಿಗೆಯ ಎಣಿಕೆಯಲ್ಲಿ ಇದ್ದದ್ದು ಅರ್ಧ ಸೆಕೆಂಡಿಗಿಂತ ಒಂಚೂರು ಹೆಚ್ಚು. ನನ್ನ ಪ್ರೋಗ್ರಾಮಿನ ಅಂಕಿಯಲ್ಲಿ ಏಳೂವರೆಗಿಂತ ಹೆಚ್ಚು. ನಡುವೆ ಏಳು ಸೆಕೆಂಡು ಎಲ್ಲಿಂದಲೋ ಬಂದು ಸೇರಿದ್ದವು.

ಎಲ್ಲಿಂದ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಇಂಟರ್ನೆಟ್ ಕೊಟ್ಟ ಮೇಲೆ ಕಂಪ್ಯೂಟರು ಸರಿಯಾದ ವೇಳೆ ಕೇಳಿಕೊಂಡು, ಹಿಂದೆ ಬಿದ್ದಿದ್ದ ತನ್ನ ಗೋಡೆ ಗಡಿಯಾರವನ್ನು ಏಳು ಸೆಕೆಂಡು ಮುಂದಕ್ಕೆ ಜಿಗಿಸಿತ್ತು. ಜಿಗಿದದ್ದು ಆ ಇಬ್ಬರು ಗೆರೆ ದಾಟುವ ನಡುವಿನ ಅರ್ಧ ಸೆಕೆಂಡಿನಲ್ಲಿ. ಮುಂದಿದ್ದವಳ ಸಮಯ ಸರಿ ಇತ್ತು. ಹಿಂದಿದ್ದವಳಿಗೂ ಅವಳ ಹಿಂದೆ ಬಂದವರಿಗೂ ಏಳೇಳು ಸೆಕೆಂಡು ಹೆಚ್ಚು ಬಿದ್ದಿತ್ತು. ಅವಳು ನಿಜವಾಗಿ ಓಡಿದ್ದು ಮೂರು ನಿಮಿಷ ಐವತ್ತೈದು ಸೆಕೆಂಡಿನಲ್ಲಿ. ಅವಳ ಹಾಗೆ ಇನ್ನೂ ಇಬ್ಬರು ನಾಲ್ಕು ನಿಮಿಷದೊಳಗೆ ಮುಗಿಸಿ ಫೇಲಾಗಿದ್ದರು. ಅವರು ಕೇಳಲೂ ಬಂದಿರಲಿಲ್ಲ. ತಾವೇ ನಿಧಾನವಾದೆವೆಂದು ನಂಬಿ ಮನೆಗೆ ಹೋಗಿದ್ದರು.

ಪ್ರೋಗ್ರಾಂ ತೆಗೆದು ಆ ಸಾಲನ್ನು ತಿದ್ದಿದೆ. ಗೋಡೆ ಗಡಿಯಾರದ ಜಾಗದಲ್ಲಿ ಎಣಿಸುವ ಗಡಿಯಾರ. ಹಾಳೆಯ ಮೇಲೆ ವೇಳೆ ಅಚ್ಚು ಹಾಕಲು ಮಾತ್ರ ಹಳೆಯದನ್ನು ಬಿಟ್ಟೆ. ಗಡಿಯಾರವನ್ನು ಬೇಕೆಂದೇ ಮುಂದಕ್ಕೆ ಹಿಂದಕ್ಕೆ ತಿರುಗಿಸಿ ಪರೀಕ್ಷೆ ಮಾಡಿದೆ. ಅಳತೆ ಕದಲಲಿಲ್ಲ. ಎಲ್ಲ ಸೇರಿ ಇಪ್ಪತ್ತು ನಿಮಿಷವೂ ಆಗಿರಲಿಕ್ಕಿಲ್ಲ.

ಸಂಜೆ ಮಾಲಕರು ಬಂದಾಗ ಹೇಳಿದೆ. ಅವರು ಕೆಟ್ಟವರಲ್ಲ. ಹೇಳಿದ್ದನ್ನೆಲ್ಲ ಕೇಳಿದರು.

“ತಿದ್ದೀರಿ?”

“ತಿದ್ದೇನ್ರಿ. ಇನ್ನ ಮುಂದ ಆಗೂದಿಲ್ಲ.”

“ಮುಗೀತಲ್ಲ ಮತ್ತ. ಲಿಸ್ಟ್ ಹೋಗ್ಯದ. ಈಗ ನಾವs ಹೋಗಿ ತಪ್ಪಾಗ್ಯದ ಅಂದ್ರ ಅವರೇನು ಆ ಮೂರು ಮಂದಿದಷ್ಟ ತಿದ್ದತಾರೇನು? ಇಡೀ ಪರೀಕ್ಷಾನ ರದ್ದ ಮಾಡತಾರ. ಪಾಸಾದವರೆಲ್ಲಾರ ಹೊಟ್ಟಿ ಮ್ಯಾಲೂ ಕಲ್ಲು. ಸ್ವಲ್ಪ ತಡೀರಿ, ನಾ ವಿಚಾರ ಮಾಡಿ ಹೇಳತೇನಿ.”

ತಡೆದೆ. ಅವರು ಹೇಳಿದರೆಂದು ತಡೆದೆ ಎಂದು ನನಗೆ ನಾನೇ ಹೇಳಿಕೊಂಡೆ. ಖರೆ ಏನೆಂದರೆ, ಆ ಮೇಜಿನ ಮುಂದೆ ಕುಳಿತು ‘ಅದು ಸುಳ್ಳು ಹೇಳೂದಿಲ್ಲ’ ಎಂದವನು ನಾನು. ಆ ಮಿಸ್ತ್ರಿಯ ಎದುರು ನಿಂತು ಅದನ್ನು ವಾಪಸು ತೆಗೆದುಕೊಳ್ಳಲು ನಾಚಿಕೆಯಾಗುತ್ತಿತ್ತು. ದಿನವೂ ನಾಳೆ ಕೇಳೋಣ ಎಂದುಕೊಂಡು ಮನೆಗೆ ಹೋಗುತ್ತಿದ್ದೆ. ಮಾಲಕರೂ ಆ ಮಾತೆತ್ತಲಿಲ್ಲ. ಮಿಸ್ತ್ರಿ ಎರಡು ಸಲ ಫೋನು ಮಾಡಿದರು. ಮೊದಲನೇ ಸಲ ‘ನೋಡಾಕತ್ತೇವ್ರಿ’ ಎಂದೆ. ಎರಡನೇ ಸಲ ಫೋನು ಎತ್ತಲಿಲ್ಲ. ಮತ್ತೆ ಮಾಡಲಿಲ್ಲ ಅವರು. ಆ ನಡುವೆ ಬೇರೊಂದು ಊರಿನಲ್ಲಿ ಇನ್ನೊಂದು ಓಟವಿತ್ತು. ತಿದ್ದಿದ ಪ್ರೋಗ್ರಾಂ ಚೆನ್ನಾಗಿ ನಡೆಯಿತು.

ಹೀಗೆ ಮೂರು ವಾರ ಕಳೆದ ಮೇಲೆ ಪಾಸಾದ ಹುಡುಗಿ ಬಂದಳು. ಜೊತೆಗೆ ಯಾರೂ ಇರಲಿಲ್ಲ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಮುಂದಿನ ಸೋಮವಾರ ಟ್ರೇನಿಂಗಿಗೆ ಹೋಗಬೇಕಾಗಿದೆ ಎಂದಳು.

“ನನಗೊಂದು ಕಾಗದಾ ಬೇಕ್ರಿ ಸರ್. ಓಟದಾಗ ಏನೂ ಮೋಸ ಆಗಿಲ್ಲ ಅಂತ ನೀವು ಬರದ ಕೊಡ್ರಿ.”

“ಯಾಕವಾ?”

“ಊರಾಗ ಎಲ್ಲಾರೂ ನಾ ಮೋಸ ಮಾಡೇನಿ ಅನ್ನಾಕತ್ತಾರ್ರಿ. ಬ್ಯಾರೇದವರು ಅನ್ನಲಿ. ಅಕಿನೂ ನನ್ನ ಕೂಡ ಮಾತ ಬಿಟ್ಟಾಳ್ರಿ. ಮೊನ್ನಿ ನೀರಿನ ಟಾಕಿ ಹತ್ರ ನಾನಾಗೇ ಮಾತಾಡಿಸಿದೆ. ‘ಎಂಟು ಸೆಕೆಂಡ್ ಎಲ್ಲಿಂದ ತಂದಿ’ ಅಂತ ಕೇಳಿದ್ಲು. ನನಗೆ ಏನ್ ಹೇಳಬೇಕು ತಿಳೀಲಿಲ್ರಿ. ನಾನೂ ವಿಚಾರ ಮಾಡ್ತೇನ್ರಿ, ನನ್ನ ಬಾಜೂಕ ಇದ್ದಾಕಿ ಅಕಿ. ಅಕಿ ಕೈ ನನ್ನ ಕೈಗೆ ಹತ್ತತಿತ್ತು.” ಅವಳು ಅಳಲಿಲ್ಲ. ಫೈಲಿನ ಮೂಲೆಯನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು. “ನಾ ಏನರ ಮಾಡೇನೇನ್ರಿ ಸರ್? ನನಗ ಗೊತ್ತಿಲ್ಲದs ಮನಿಯವರು ಏನರ ಮಾಡ್ಸ್ಯಾರೇನ್ರಿ?”

ತನ್ನ ಮನೆಯವರನ್ನೇ ಅನುಮಾನಿಸುವಂತೆ ನಾನು ಅವಳನ್ನು ಮಾಡಿದ್ದೆ. ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಪರದೆಯ ಮೇಲೆ ಎರಡು ಸಾಲುಗಳನ್ನು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು. “ಹಂಗಾದ್ರ ಅಕಿ ಪಾಸ್ ಏನ್ರಿ?”

“ಪಾಸ್.”

“ಅಕಿಗೆ ಹೇಳೀರೇನ್ರಿ?”

ಮರುದಿನ ಬೆಳಿಗ್ಗೆ ಆ ದಾಖಲೆಯ ಪ್ರತಿಗಳನ್ನು ತೆಗೆದುಕೊಂಡು ಧಾರವಾಡಕ್ಕೆ ಹೋಗಿ, ಅಲ್ಲಿಂದ ಅಮ್ಮಿನಬಾವಿಯ ಬಸ್ಸು ಹಿಡಿದೆ. ಮಾಲಕರಿಗೆ ಹೇಳಲಿಲ್ಲ. ಮಿಸ್ತ್ರಿಯ ಅಂಗಡಿ ರಸ್ತೆಯ ಮೇಲೇ ಇತ್ತು. ಅವರು ಬಿಚ್ಚಿದ ಮೋಟಾರೊಂದರ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಮಗಳು ಒಳಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

ನಿಂತಲ್ಲೇ ಹೇಳಿದೆ. ಗಡಿಯಾರದ ವಿಷಯ ಅರ್ಥವಾಗುವಂತೆ ಹೇಳಲು ಎರಡು ಸಲ ತಡವರಿಸಿದೆ. ತಂದೆ ಕಾಗದವನ್ನು ಮುಟ್ಟಲಿಲ್ಲ, ಕೈಯೆಲ್ಲ ಎಣ್ಣೆಯಾಗಿತ್ತು. ಮಗಳು ತೆಗೆದುಕೊಂಡು ಓದಿದಳು.

“ನೀನs ಖರೇ ಇದ್ದಿ,” ಎಂದೆ. “ನಂದs ತಪ್ಪು.”

“ನಿಮಗ ಯಾವಾಗ ಗೊತ್ತಾತ್ರಿ?”

“ನಿಮ್ಮ ತಂದಿ ಬಂದು ಹೋದ ದಿನಾನs.”

ಅವಳು ಮನಸ್ಸಿನಲ್ಲೇ ದಿನ ಎಣಿಸುತ್ತಿದ್ದಾಳೆಂದು ನನಗೆ ಕಂಡಿತು. ತಕರಾರು ಸಲ್ಲಿಸಲು ಪಟ್ಟಿ ಹೊರಬಿದ್ದ ದಿನದಿಂದ ಹದಿನೈದು ದಿನ ಇತ್ತು. ಅವಳ ತಂದೆ ನನ್ನ ಹತ್ತಿರ ಬಂದಾಗ ಇನ್ನೂ ಆರು ದಿನ ಉಳಿದಿದ್ದವು.

“ಅಬ್ಬಾ,” ಎಂದು ತಂದೆಯ ಕಡೆ ತಿರುಗಿದಳು, “ಇವರು ಆವತ್ತ ಹೇಳಿದ್ರ ಆಗತಿತ್ತು.”

ತಂದೆ ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಅವರು ಮತ್ತೆ ಮೋಟಾರಿನ ಕಡೆ ತಿರುಗಿ ಸ್ಕ್ರೂ ಡ್ರೈವರ್ ಹಿಡಿದರು. ಹಿಡಿದರಷ್ಟೇ, ಏನೂ ಬಿಚ್ಚಲಿಲ್ಲ. ಆಮೇಲೆ, “ಚಾ ಕುಡೀರಿ,” ಎಂದರು. ಬೇಡವೆಂದೆ. ಎದುರಿನ ಅಂಗಡಿಯಿಂದ ತರಿಸಿಯೇ ಬಿಟ್ಟರು. ಆ ಚಹಾ ಕುಡಿದದ್ದು ನನ್ನ ಬದುಕಿನ ಬಹಳ ಕಠಿಣವಾದ ಕೆಲಸಗಳಲ್ಲಿ ಒಂದು.

ನೇಮಕಾತಿಯ ಕಚೇರಿಗೆ ನನ್ನ ಹೆಸರಿನಲ್ಲೇ ಅರ್ಜಿ ಬರೆದೆ. ತಪ್ಪು ಹೇಗಾಯಿತು, ಯಾವ ಮೂವರಿಗೆ ಅನ್ಯಾಯವಾಯಿತು, ಪೆಟ್ಟಿಗೆಯ ಎಣಿಕೆಯಿಂದ ಅದನ್ನು ಹೇಗೆ ಸಾಬೀತು ಮಾಡಬಹುದು ಎಂದು ನಾಲ್ಕು ಪುಟ. ಹುಡುಗಿಯೂ ಒಂದು ಅರ್ಜಿ ಕೊಟ್ಟಳು. ಎರಡು ಸಲ ನಾನು, ಅವಳು, ಅವಳ ತಂದೆ ಮೂವರೂ ಹೋಗಿ ಬಂದೆವು. ಕೊನೆಗೆ ಬಂದ ಉತ್ತರ ಎರಡು ಸಾಲಿನದು. ತಕರಾರಿನ ಅವಧಿ ಮುಗಿದ ಮೇಲೆ ಬಂದ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ, ಪಟ್ಟಿ ಅಂತಿಮವಾಗಿದೆ. ಮಾಲಕರು ಹೆದರಿದ ಹಾಗೆ ಪರೀಕ್ಷೆಯೇನೂ ರದ್ದಾಗಲಿಲ್ಲ. ಆದರೆ ಆ ಕಚೇರಿ ಮತ್ತೆ ನಮ್ಮನ್ನು ಕರೆಯಲಿಲ್ಲ. “ನೀವು ಮಾಡಿದ್ದು ಸರಿ ಅದ, ಆದ್ರ ನಿಮ್ಮನ್ನ ಇಟ್ಟುಕೊಂಡು ನನಗ ನಡಸೂದು ಆಗೂದಿಲ್ಲ,” ಎಂದು ಮಾಲಕರು ನನ್ನನ್ನು ಕೆಲಸದಿಂದ ಬಿಡಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಉಳಿದ ಇಬ್ಬರು ಹುಡುಗಿಯರ ವಿಳಾಸಕ್ಕೆ ಕಾಗದ ಬರೆದೆ. ಒಬ್ಬಳದು ವಾಪಸು ಬಂತು. ಇನ್ನೊಬ್ಬಳದು ಬರಲೂ ಇಲ್ಲ, ಉತ್ತರವೂ ಇಲ್ಲ.

ಈಗ ನಾನು ಅಮರಗೋಳದ ಮಾರುಕಟ್ಟೆಯ ಹತ್ತಿರ, ಮೆಣಸಿನಕಾಯಿ ಇಡುವ ಶೀತಲ ಗೋದಾಮುಗಳಿಗೆ ಪ್ರೋಗ್ರಾಂ ಬರೆಯುತ್ತೇನೆ. ಯಂತ್ರ ಎಷ್ಟು ಹೊತ್ತು ಓಡಿತು, ಬಾಗಿಲು ಎಷ್ಟು ಹೊತ್ತು ತೆರೆದಿತ್ತು, ಇಂಥವು. ಹೊಸಬರು ಕೆಲಸಕ್ಕೆ ಸೇರಿದಾಗ ಅವರು ಬರೆದದ್ದರಲ್ಲಿ ಮೊದಲು ನಾನು ನೋಡುವುದು ಯಾವ ಗಡಿಯಾರವನ್ನು ಕೇಳಿದ್ದಾರೆ ಎಂದು. ತಪ್ಪಿದ್ದರೆ ತಿದ್ದಿಸುತ್ತೇನೆ. ಕಾರಣ ಕೇಳಿದರೆ ಗಡಿಯಾರ ಜಿಗಿಯುತ್ತದೆ ಎಂದಷ್ಟೇ ಹೇಳುತ್ತೇನೆ.

ಹೋದ ವರ್ಷ ಧಾರವಾಡದ ಬಸ್ ನಿಲ್ದಾಣದಲ್ಲಿ ಮಿಸ್ತ್ರಿಯ ಮಗಳು ಸಿಕ್ಕಳು. ಅವಳೇ ಗುರುತು ಹಿಡಿದು ಹತ್ತಿರ ಬಂದಳು. ಮೋಟಾರು ಸುತ್ತುವ ತಂತಿಯ ದೊಡ್ಡ ಉರುಳಿಯೊಂದು ಕಂಕುಳಲ್ಲಿತ್ತು. ತಂದೆಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲವೆಂದೂ ಅಂಗಡಿಯನ್ನು ತಾನೇ ನೋಡಿಕೊಳ್ಳುತ್ತಿರುವೆನೆಂದೂ ಹೇಳಿದಳು. ಓಡುವುದನ್ನು ಬಿಟ್ಟಿದ್ದಳು.

“ನಿಮ್ಮ ಗೆಳತಿ?” ಎಂದು ಕೇಳಿದೆ.

“ನೌಕರಿ ಮ್ಯಾಲ ಅದಾಳ್ರಿ, ದೂರ. ಹಬ್ಬಕ್ಕ ಬಂದಾಗ ಮನಿಗೆ ಬರತಾಳ. ನಾನೂ ಕುಂದರ್ಸಿ ಮಾತಾಡ್ತೇನಿ.” ಉರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. “ಅಕಿ ತಪ್ಪಲ್ಲಂತ ಗೊತ್ತೈತ್ರಿ. ಆದ್ರೂ ಮೊದಲಿನಂಗ ಆಗವಲ್ದು. ಅಕಿ ತನ್ನ ನೌಕರಿ ಮಾತು ನನ್ನ ಮುಂದ ತಗಿಯಂಗಿಲ್ಲ. ನಾನು ಕೇಳಂಗಿಲ್ಲ.”

ಅವಳ ಬಸ್ಸು ಬಂತು. ಜನ ನುಗ್ಗುತ್ತಿದ್ದರು. ಅವಳು ಉರುಳಿಯನ್ನು ಎದೆಗೆ ಅವಚಿಕೊಂಡು ಹೊರಟವಳು ತಿರುಗಿ, “ಇನ್ನೂ ಅದs ಕೆಲಸಾ ಮಾಡಾಕತ್ತೀರೇನ್ರಿ?” ಎಂದಳು.

“ಹೂಂ. ಈಗ ಓಟಕ್ಕಲ್ಲ, ಗೋದಾಮಿಗೆ.”

“ಯಾರರ ಬಂದು ಕೇಳಿದ್ರ ಅವತ್ತs ನೋಡ್ರಿ, ಅವತ್ತs ಹೇಳ್ರಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕಂಡಕ್ಟರು ಒಳಗೆ ಸರಿಯಿರೆಂದು ಕೂಗುತ್ತಿದ್ದ. ಅವಳು ಹತ್ತಿದಳು. ಕಿಟಕಿಯ ಹತ್ತಿರ ಜಾಗ ಸಿಗಲಿಲ್ಲವೆಂದು ಕಾಣುತ್ತದೆ, ಬಸ್ಸು ಹೊರಡುವವರೆಗೂ ನಿಂತಿದ್ದೆ, ಮತ್ತೆ ಅವಳು ಕಾಣಲಿಲ್ಲ.